ಧರ್ಮಸ್ಥಳ ಪಾದಯಾತ್ರೆ: ಹೊರಡುವ ಮುನ್ನ ಹಾಕಬೇಕಾದ ಲೆಕ್ಕ, ಹೊರಬೇಕಾದ ಹೊರೆ

ಮಹಾಶಿವರಾತ್ರಿ ಸಮೀಪಿಸುತ್ತಿದ್ದಂತೆ ಬೆಂಗಳೂರು–ಹಾಸನ ಹೆದ್ದಾರಿಯ ಅಂಚಿನಲ್ಲಿ ಬೆನ್ನಿಗೆ ಚೀಲ ಏರಿಸಿ ಪಶ್ಚಿಮಾಭಿಮುಖವಾಗಿ ನಡೆಯುವ ಜನರ ಸಾಲು ಪ್ರತಿವರ್ಷವೂ ಕಾಣಸಿಗುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನಲ್ಲಿರುವ ಶ್ರೀಕ್ಷೇತ್ರ ಧರ್ಮಸ್ಥಳ ಇವರ ಗುರಿ. ಇವರಲ್ಲಿ ಕೃಷಿಕರಿದ್ದಾರೆ, ಕಾರ್ಮಿಕರಿದ್ದಾರೆ. ವರ್ಷವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವ ನಗರವಾಸಿಗಳೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ಹರಕೆ ಹೊತ್ತವರು, ಹವ್ಯಾಸಕ್ಕಾಗಿ ನಡೆಯುವವರು, ಗೆಳೆಯರ ಒತ್ತಾಯಕ್ಕೆ ಹೊರಟವರು ಹೀಗೆ ಕಾರಣಗಳು ಹಲವು. ಆದರೆ ದಾರಿ ಎಲ್ಲರಿಗೂ ಒಂದೇ. ಸುಮಾರು 300 ಕಿ.ಮೀ. ಉದ್ದದ ಈ ದಾರಿಯಲ್ಲಿ ಯಾತ್ರೆ ಸುಗಮವಾಗುವುದೂ ಸಂಕಟಕ್ಕೆ ಸಿಲುಕುವುದೂ ಬಹುಮಟ್ಟಿಗೆ ಮನೆ ಬಿಡುವ ಮೊದಲೇ ತೀರ್ಮಾನವಾಗಿರುತ್ತದೆ.

ದಾರಿ ಯಾವುದು?

ಬೆಂಗಳೂರಿನಿಂದ ಹೊರಡುವವರು ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣಗಳ ಮೂಲಕ ಹಾಸನ ತಲುಪುತ್ತಾರೆ. ಅಲ್ಲಿಯವರೆಗಿನ ದೂರ ಸುಮಾರು 185 ಕಿ.ಮೀ. ಮುಂದೆ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರಗಳನ್ನು ದಾಟಿ ಚಾರ್ಮಾಡಿ ಘಟ್ಟ ಇಳಿದು, ಉಜಿರೆಯ ಮಾರ್ಗವಾಗಿ ಕ್ಷೇತ್ರವನ್ನು ಸೇರುವುದು ರೂಢಿ. ಸಕಲೇಶಪುರ ಹಾಗೂ ಶಿರಾಡಿ ಘಟ್ಟದ ಹಾದಿ ಇನ್ನೊಂದು ಆಯ್ಕೆಯಾಗಿದ್ದರೂ ಅಲ್ಲಿ ಭಾರೀ ವಾಹನಗಳ ಸಂಚಾರ ಹೆಚ್ಚು.

ಈ ದಾರಿ ಮೂರು ಬಗೆಯದು. ಹಾಸನದವರೆಗೆ ಬಯಲುಸೀಮೆಯ ಬಿಸಿಲು ಮತ್ತು ವೇಗದ ಹೆದ್ದಾರಿ. ಬೇಲೂರು–ಮೂಡಿಗೆರೆಯ ಸುತ್ತ ಕಾಫಿ ತೋಟಗಳ ಏರಿಳಿತ. ಕೊಟ್ಟಿಗೆಹಾರದ ನಂತರ ಕಾಡಿನ ನಡುವಿನ ಕಡಿದಾದ ಇಳಿಜಾರು. ಮೂರಕ್ಕೂ ಬೇಕಾದ ಸಿದ್ಧತೆ ಬೇರೆ ಬೇರೆ.

ದಿನಗಳ ಲೆಕ್ಕ

ಬಹುತೇಕ ತಂಡಗಳು ಒಂದು ವಾರದ ರಜೆಯನ್ನು ಮೊದಲು ನಿಗದಿಪಡಿಸಿ, ದೂರವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತವೆ. ತೊಂದರೆಯ ಮೂಲ ಇಲ್ಲೇ ಇದೆ. 300 ಕಿ.ಮೀ. ದೂರವನ್ನು ಎಂಟು ದಿನಗಳಲ್ಲಿ ಕ್ರಮಿಸಬೇಕಾದರೆ ದಿನಕ್ಕೆ ಸುಮಾರು 38 ಕಿ.ಮೀ. ನಡೆಯಬೇಕು. ಹೊರೆ ಹೊತ್ತ ಸಾಮಾನ್ಯ ವ್ಯಕ್ತಿಯ ವೇಗ, ಸಣ್ಣಪುಟ್ಟ ವಿರಾಮಗಳನ್ನೂ ಸೇರಿಸಿ, ಗಂಟೆಗೆ 4 ಕಿ.ಮೀ. ಎಂದಿಟ್ಟುಕೊಳ್ಳಬಹುದು. ಬೆಳಗಿನ ಆರರಿಂದ ಹತ್ತೂವರೆಯವರೆಗೆ, ಸಂಜೆ ನಾಲ್ಕರಿಂದ ಆರೂವರೆಯವರೆಗೆ ನಡೆದರೆ ಒಟ್ಟು ಏಳು ಗಂಟೆ, ಅಂದರೆ 28 ಕಿ.ಮೀ. ಉಳಿದ ಹತ್ತು ಕಿ.ಮೀ.ಗೆ ಇನ್ನೂ ಎರಡೂವರೆ ಗಂಟೆ ಬೇಕು.

ಈ ಎರಡೂವರೆ ಗಂಟೆಯನ್ನು ನಡುಹಗಲಿನ ಬಿಸಿಲಿನಿಂದ ತೆಗೆಯಬೇಕು, ಇಲ್ಲವೇ ರಾತ್ರಿಯ ಕತ್ತಲಿನಿಂದ ತೆಗೆಯಬೇಕು. ಮೊದಲನೆಯದು ದೇಹವನ್ನು ಬಳಲಿಸುತ್ತದೆ. ಎರಡನೆಯದು ಯಾತ್ರಿಕನನ್ನು ಲಾರಿ-ಬಸ್ಸುಗಳ ದಾರಿಗೆ ತಂದು ನಿಲ್ಲಿಸುತ್ತದೆ.

ಆದ್ದರಿಂದ ಬೆಂಗಳೂರಿನಿಂದ ಹೊರಡುವವರು ಹನ್ನೊಂದು ದಿನಗಳನ್ನಾದರೂ ಮೀಸಲಿಡುವುದು ಸೂಕ್ತ. ಅಷ್ಟು ರಜೆ ಇಲ್ಲದವರು ಹಾಸನದವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಉಳಿದ ಸುಮಾರು 120 ಕಿ.ಮೀ. ದೂರವನ್ನು ಐದು ದಿನಗಳಲ್ಲಿ ನಡೆಯಬಹುದು. ನಡಿಗೆ ಕಡಿಮೆಯಾದ ಮಾತ್ರಕ್ಕೆ ಭಕ್ತಿ ಕಡಿಮೆಯಾಯಿತೆಂದು ಭಾವಿಸಬೇಕಾಗಿಲ್ಲ.

ಏರುದಾರಿಯ ಸಮಯವನ್ನು ಅಂದಾಜಿಸಲು ಸ್ಕಾಟ್‌ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ರೂಪಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಸಮತಟ್ಟಿನ ದಾರಿಗೆ ಗಂಟೆಗೆ ಮೂರು ಮೈಲಿ. ಪ್ರತಿ ಎರಡು ಸಾವಿರ ಅಡಿ ಏರಿಗೆ ಹೆಚ್ಚುವರಿಯಾಗಿ ಒಂದು ಗಂಟೆ. ಇದು ದೃಢಕಾಯರಿಗೆ ಹೇಳಿದ ಲೆಕ್ಕ. ಹೊಸಬರು ಇದಕ್ಕೆ ಮೂರನೇ ಒಂದು ಭಾಗದಷ್ಟು ಸಮಯವನ್ನು ಸೇರಿಸಿಕೊಳ್ಳುವುದು ಒಳಿತು.

ದಂಡಿಯ ಪಾಠ

ದೀರ್ಘ ನಡಿಗೆಯ ಯೋಜನೆಗೆ ನಮ್ಮ ಇತಿಹಾಸದಲ್ಲೇ ಉತ್ತಮ ಮಾದರಿಯಿದೆ. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟ ಗಾಂಧೀಜಿ ಮತ್ತು ಸಂಗಡಿಗರು 241 ಮೈಲಿ, ಅಂದರೆ ಸುಮಾರು 388 ಕಿ.ಮೀ. ಕ್ರಮಿಸಿ ಏಪ್ರಿಲ್ 5ರಂದು ದಂಡಿ ತಲುಪಿದರು. ದಿನದ ಸರಾಸರಿ ಸುಮಾರು 16 ಕಿ.ಮೀ. ಮಾತ್ರ. ಸೋಮವಾರಗಳಂದು ನಡಿಗೆಗೆ ಬಿಡುವು ಇತ್ತು. ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ತಂಡವೊಂದು ಮುಂಚಿತವಾಗಿ ಹಳ್ಳಿಗಳಿಗೆ ತೆರಳಿ ತಂಗುವ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿತ್ತು. ಆ ತಂಡದಲ್ಲಿ ಹೆಜ್ಜೆ ಹಾಕಿದ ಕನ್ನಡಿಗ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ. ಮಿತವಾದ ದಿನದ ದೂರ, ಬಿಡುವಿನ ದಿನ, ಮುಂಗಡವಾಗಿ ಗೊತ್ತುಮಾಡಿದ ತಂಗುದಾಣ ಎಂಬ ಮೂರು ಅಂಶಗಳು ಇಂದಿನ ಯಾತ್ರಿಕರಿಗೂ ಅನ್ವಯಿಸುತ್ತವೆ.

ಎರಡು ತಿಂಗಳ ತಯಾರಿ

ಶಿವರಾತ್ರಿಗೆ ಎರಡು ತಿಂಗಳು ಮೊದಲೇ ಅಭ್ಯಾಸ ಆರಂಭವಾಗಬೇಕು. ಮೊದಲ ವಾರ ದಿನಕ್ಕೆ 4–5 ಕಿ.ಮೀ. ಸಾಕು. ನಂತರ ವಾರವಾರಕ್ಕೂ ದೂರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗಬೇಕು. ಭಾನುವಾರಗಳನ್ನು ದೀರ್ಘ ನಡಿಗೆಗೆ ಮೀಸಲಿಡಬಹುದು. ಏಳನೆಯ ವಾರದ ಹೊತ್ತಿಗೆ ಶನಿವಾರ ಮತ್ತು ಭಾನುವಾರ ಸತತವಾಗಿ 25 ಕಿ.ಮೀ. ನಡೆದು ನೋಡುವುದು ಅತ್ಯಗತ್ಯ. ಮೊದಲ ದಿನ ಯಾರು ಬೇಕಾದರೂ ನಡೆದಾರು. ನೊಂದ ಕಾಲುಗಳಲ್ಲಿ ಎರಡನೆಯ ಬೆಳಿಗ್ಗೆ ಎದ್ದು ನಡೆಯಬಲ್ಲೆವೇ ಎಂಬುದೇ ನಿಜವಾದ ಪರೀಕ್ಷೆ. ಕೊನೆಯ ವಾರ ಅಭ್ಯಾಸವನ್ನು ಕಡಿಮೆ ಮಾಡಿ ದೇಹಕ್ಕೆ ವಿಶ್ರಾಂತಿ ನೀಡಬೇಕು.

ಯಾತ್ರೆಯಲ್ಲಿ ಧರಿಸುವ ಪಾದರಕ್ಷೆಯನ್ನೇ ಧರಿಸಿ, ಹೊರುವ ಚೀಲವನ್ನೇ ಹೊತ್ತು ಅಭ್ಯಾಸ ಮಾಡಬೇಕು. ಮಧುಮೇಹ, ರಕ್ತದೊತ್ತಡ, ಹೃದ್ರೋಗ ಉಳ್ಳವರು ಅಭ್ಯಾಸ ಆರಂಭಿಸುವ ಮುನ್ನವೇ ವೈದ್ಯರನ್ನು ಕಾಣಬೇಕು.

ಪಾದವೇ ವಾಹನ

ಯಾತ್ರೆ ಅರ್ಧಕ್ಕೆ ನಿಲ್ಲಲು ಬಹುಸಾಮಾನ್ಯ ಕಾರಣ ಕಾಲಿನ ಗುಳ್ಳೆ. ಉಜ್ಜಾಟ, ಬಿಸಿ ಮತ್ತು ತೇವ ಮೂರೂ ಸೇರಿದಾಗ ಚರ್ಮದ ಪದರಗಳ ನಡುವೆ ನೀರು ತುಂಬಿ ಗುಳ್ಳೆ ಏಳುತ್ತದೆ. ಹೊರಡುವ ಮುನ್ನಾದಿನ ಹೊಸ ಬೂಟು ಕೊಳ್ಳುವುದು ಇದಕ್ಕೆ ನೇರ ಆಹ್ವಾನ. ದೀರ್ಘ ನಡಿಗೆಯಲ್ಲಿ ಪಾದ ಊದಿಕೊಳ್ಳುವುದರಿಂದ ಬೂಟಿನ ಅಳತೆ ಸ್ವಲ್ಪ ಸಡಿಲವಿರಬೇಕು. ಸಂಜೆಯ ಹೊತ್ತು ಅಳತೆ ನೋಡಿ ಕೊಳ್ಳುವುದು ಲೇಸು. ಹತ್ತಿಯ ಕಾಲ್ಚೀಲ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಬೇಗ ಒಣಗುವ ಕೃತಕ ನೂಲಿನ ಅಥವಾ ಉಣ್ಣೆ ಮಿಶ್ರಿತ ಕಾಲ್ಚೀಲ ಉತ್ತಮ. ಪ್ರತಿ ಎರಡು ಗಂಟೆಗೊಮ್ಮೆ ಬೂಟು ಬಿಚ್ಚಿ ಪಾದಕ್ಕೆ ಗಾಳಿ ತಾಗಿಸಬೇಕು.

ಯಾವುದೇ ಜಾಗದಲ್ಲಿ ಉರಿ ಕಾಣಿಸಿದ ಕೂಡಲೇ ನಿಂತು ಅಂಟುಪಟ್ಟಿ ಹಾಕಬೇಕು. ಊರು ಬರಲಿ ಎಂದು ಕಾಯಬಾರದು. ಗುಳ್ಳೆ ಎದ್ದರೆ ಮೇಲಿನ ಚರ್ಮವನ್ನು ಕಿತ್ತುಹಾಕಕೂಡದು. ಸೋಂಕು ತಡೆಯುವ ಸಹಜ ಹೊದಿಕೆ ಅದೇ.

ಹರಕೆಯ ನಿಮಿತ್ತ ಬರಿಗಾಲಿನಲ್ಲಿ ನಡೆಯುವವರೂ ಇದ್ದಾರೆ. ಬಿಸಿಲಿಗೆ ಕಾದ ಡಾಂಬರು ಅಂಗಾಲನ್ನು ಸುಡಬಲ್ಲದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಗಾಯವಾದದ್ದೇ ತಿಳಿಯದು. ಅಂಥವರು ಬರಿಗಾಲಿನ ಹರಕೆಯನ್ನು ಕೈಬಿಡುವುದೇ ವಿವೇಕ.

ಚೀಲದ ತೂಕ

ದೇಹದ ತೂಕದ ಹತ್ತನೇ ಒಂದು ಭಾಗವನ್ನು ಹೊರೆಯ ಮಿತಿ ಎಂದು ಭಾವಿಸಬಹುದು. 60 ಕಿಲೋ ತೂಗುವ ವ್ಯಕ್ತಿಗೆ ಇದು 6 ಕಿಲೋ. ಇದರಲ್ಲಿ ಎರಡು ಲೀಟರ್ ನೀರೇ 2 ಕಿಲೋ. ಉಳಿದ 4 ಕಿಲೋಗಳನ್ನು ಹೀಗೆ ಹಂಚಬಹುದು:

* ಖಾಲಿ ಬೆನ್ನುಚೀಲ: 1 ಕಿಲೋ
* ಒಂದು ಜೊತೆ ಬಟ್ಟೆ, ಒಳಉಡುಪು, ಎರಡು ಜೊತೆ ಕಾಲ್ಚೀಲ, ತೆಳು ಟವೆಲ್, ಹಗುರ ಚಪ್ಪಲಿ: 1 ಕಿಲೋ
* ತೆಳು ಹೊದಿಕೆ: 700 ಗ್ರಾಂ
* ಮೊಬೈಲ್, ಚಾರ್ಜರ್, ಪವರ್ ಬ್ಯಾಂಕ್, ಟಾರ್ಚ್: 400 ಗ್ರಾಂ
* ಔಷಧ, ಅಂಟುಪಟ್ಟಿ, ಓಆರ್‌ಎಸ್ ಪೊಟ್ಟಣ: 300 ಗ್ರಾಂ
* ಸಾಬೂನು, ಹಲ್ಲುಜ್ಜುವ ಬ್ರಷ್, ಸ್ಟೀಲ್ ಲೋಟ, ಸೂಜಿ-ದಾರ: 300 ಗ್ರಾಂ
* ಕಡಲೆಬೀಜ, ಬೆಲ್ಲ, ಖರ್ಜೂರ: 300 ಗ್ರಾಂ

ಮೈಮೇಲಿನದು ಒಂದು ಜೊತೆ, ಚೀಲದಲ್ಲಿ ಒಂದು ಜೊತೆ ಬಟ್ಟೆ ಇದ್ದರೆ ಸಾಕು. ಸಂಜೆ ಒಗೆದು ಒಣಹಾಕಿದರೆ ಬೆಳಿಗ್ಗೆ ಸಿದ್ಧ. ಜೀನ್ಸ್ ಪ್ಯಾಂಟ್ ಭಾರ, ಒಣಗುವುದು ನಿಧಾನ, ತೊಡೆ ಉಜ್ಜುತ್ತದೆ. ಅದು ಮನೆಯಲ್ಲೇ ಇರಲಿ. ಅಗಲ ಅಂಚಿನ ಟೊಪ್ಪಿಗೆ ಮತ್ತು ಹೊಳೆಯುವ ಪಟ್ಟಿಯ ರಿಫ್ಲೆಕ್ಟರ್ ಜಾಕೆಟ್ ಮೈಮೇಲೆಯೇ ಇರುವುದರಿಂದ ಚೀಲದ ಲೆಕ್ಕಕ್ಕೆ ಸೇರದು. ಗುರುತಿನ ಚೀಟಿಯ ಜೊತೆಗೆ ರಕ್ತದ ಗುಂಪು, ಸೇವಿಸುತ್ತಿರುವ ಔಷಧ ಮತ್ತು ಮನೆಯವರ ದೂರವಾಣಿ ಸಂಖ್ಯೆ ಬರೆದ ಕಾಗದವೊಂದು ಜೇಬಿನಲ್ಲಿರಬೇಕು.

ದಾರಿಯುದ್ದಕ್ಕೂ ದಾನಿಗಳು ಊಟ, ಮಜ್ಜಿಗೆ, ಹಣ್ಣು ಹಂಚುತ್ತಾರೆ. ಲೋಟ ಸ್ವಂತದ್ದಾಗಿದ್ದರೆ ಪ್ಲಾಸ್ಟಿಕ್ ಕಸ ಘಟ್ಟದ ಕಾಡಿಗೆ ಬೀಳುವುದು ತಪ್ಪುತ್ತದೆ.

ನೀರು, ಆಹಾರ, ಔಷಧ

ಬಿಸಿಲಿನ ನಡಿಗೆಯಲ್ಲಿ ಗಂಟೆಗೆ ಅರ್ಧ ಲೀಟರ್‌ನಷ್ಟು ನೀರು ಬೇಕಾಗುತ್ತದೆ. ಒಮ್ಮೆಲೇ ಕುಡಿಯದೆ ಆಗಾಗ ಗುಟುಕರಿಸಬೇಕು. ಬೆವರಿನೊಡನೆ ಲವಣವೂ ಹೋಗುವುದರಿಂದ ಬರಿಯ ನೀರನ್ನೇ ಅತಿಯಾಗಿ ಕುಡಿಯುವುದೂ ಅಪಾಯಕರ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಕುಡಿಯಬಹುದು. ಉಪ್ಪು ಬೆರೆತ ಮಜ್ಜಿಗೆಯೂ ಆದೀತು. ಮೂತ್ರದ ಬಣ್ಣ ಗಾಢವಾದರೆ ನೀರು ಸಾಲದಾಗಿದೆ ಎಂದೇ ಅರ್ಥ.

ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ಮಾತ್ರೆಗಳನ್ನು ದಿನವೂ ನುಂಗುತ್ತಾ ನಡೆಯುವುದು ಸಲ್ಲದು. ದೇಹದಲ್ಲಿ ನೀರಿನಂಶ ಇಳಿದಿರುವಾಗ ಇವು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ನೋವು ಮಾತ್ರೆಗೆ ಮರೆಯಾದರೂ ಪೆಟ್ಟು ಮುಂದುವರಿಯುತ್ತಲೇ ಇರುತ್ತದೆ.

ಹೆದ್ದಾರಿ, ಆನೆ, ಘಟ್ಟ

ಕಾಲುದಾರಿ ಇಲ್ಲದ ರಸ್ತೆಯಲ್ಲಿ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಣ್ಣಿಗೆ ಕಾಣುವಂತೆ ನಡೆಯಬೇಕು. ಒಬ್ಬರ ಹಿಂದೊಬ್ಬರು ಸಾಲಾಗಿ ಸಾಗಬೇಕು. ಕಿವಿಗೆ ಇಯರ್‌ಫೋನ್ ಬೇಡ. ನಸುಕಿನಲ್ಲಿ ಹೊರಡುವುದು ಅನಿವಾರ್ಯವಾದರೆ ಸಾಲಿನ ಮೊದಲಿಗ ಮತ್ತು ಕೊನೆಯವರ ಕೈಯಲ್ಲಿ ಟಾರ್ಚ್ ಬೆಳಗುತ್ತಿರಬೇಕು. ಸಾಮಾನು ಹೊರುವ ವಾಹನ ಯಾತ್ರಿಕರ ಹಿಂದೆ ತೆವಳುವ ಬದಲು, ಮುಂದಿನ ತಂಗುದಾಣಕ್ಕೆ ಹೋಗಿ ಕಾಯುವುದು ಸುರಕ್ಷಿತ. ದಣಿದವರು ರಸ್ತೆಯ ಅಂಚಿನಲ್ಲೇ ಮಲಗುವುದಂತೂ ಪ್ರಾಣಕ್ಕೆ ಕುತ್ತು.

ಬೇಲೂರು, ಮೂಡಿಗೆರೆ ತಾಲೂಕುಗಳು ಕಾಡಾನೆಗಳ ಸಂಚಾರವಿರುವ ಪ್ರದೇಶ. ಇಲ್ಲಿ ಬೆಳಕು ಹರಿದ ಮೇಲೆಯೇ, ಗುಂಪಾಗಿಯೇ ನಡೆಯಬೇಕು. ಮುಸ್ಸಂಜೆಗೆ ಮುನ್ನ ತಂಗುದಾಣ ಸೇರಬೇಕು. ತೋಟದೊಳಗಿನ ಅಡ್ಡದಾರಿ ಬೇಡ.

ಕೊಟ್ಟಿಗೆಹಾರದಲ್ಲಿ ನೀರಿನ ಬಾಟಲಿಗಳನ್ನು ತುಂಬಿಕೊಂಡೇ ಘಟ್ಟ ಇಳಿಯಬೇಕು. ಇಳಿಜಾರು ಸುಲಭವೆಂಬುದು ತಪ್ಪು ಕಲ್ಪನೆ. ಇಳಿಯುವಾಗ ತೊಡೆ ಮತ್ತು ಮಂಡಿಯ ಮೇಲೆ ಒತ್ತಡ ಹೆಚ್ಚು; ಬೆರಳುಗಳು ಬೂಟಿನ ತುದಿಗೆ ಬಡಿದು ಉಗುರು ಕಪ್ಪಾಗುತ್ತದೆ. ಹೊರಡುವ ಕೆಲವು ದಿನ ಮೊದಲೇ ಉಗುರು ಕತ್ತರಿಸಿರಬೇಕು. ಇಳಿಯುವ ಮುನ್ನ ಬೂಟಿನ ದಾರವನ್ನು ಬಿಗಿಗೊಳಿಸಿ, ಸಣ್ಣ ಹೆಜ್ಜೆ ಹಾಕಬೇಕು. ಊರುಗೋಲಿದ್ದರೆ ಮಂಡಿಗೆ ಆಸರೆ. 2019ರ ಆಗಸ್ಟ್‌ನಲ್ಲಿ ಭಾರೀ ಮಳೆಗೆ ಚಾರ್ಮಾಡಿಯಲ್ಲಿ ಹಲವೆಡೆ ಗುಡ್ಡ ಕುಸಿದು ಸಂಚಾರ ಸ್ಥಗಿತಗೊಂಡಿತ್ತು. ಆದಕಾರಣ ರಸ್ತೆಯ ಸ್ಥಿತಿಯನ್ನು ಮುಂಚಿತವಾಗಿ ವಿಚಾರಿಸಿಕೊಂಡೇ ಮಾರ್ಗ ನಿರ್ಧರಿಸಬೇಕು.

ನಿಲ್ಲುವುದೂ ಯೋಜನೆಯ ಭಾಗ

ತಂಡದ ವೇಗ ಅತ್ಯಂತ ನಿಧಾನವಾಗಿ ನಡೆಯುವವರ ವೇಗವೇ ಆಗಿರಬೇಕು. ಅನುಭವಿಯೊಬ್ಬರು ಕೊನೆಯಲ್ಲಿದ್ದು, ಯಾರೂ ಹಿಂದುಳಿಯದಂತೆ ನೋಡಿಕೊಳ್ಳಬೇಕು. ಬಿಸಿಲಲ್ಲಿ ನಡೆಯುತ್ತಿದ್ದವರು ತಡವರಿಸಿ ಮಾತನಾಡತೊಡಗಿದರೆ, ದಿಕ್ಕುತೋಚದಂತೆ ವರ್ತಿಸಿದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಉಷ್ಣಾಘಾತವಿರಬಹುದು. ಕೂಡಲೇ ನೆರಳಿಗೆ ಸಾಗಿಸಿ, ಮೈಗೆ ನೀರು ಸುರಿದು ಗಾಳಿ ಬೀಸಬೇಕು. 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಎದೆನೋವು, ಉಸಿರಾಟದ ತೊಂದರೆ ಕಂಡರೂ ನಡಿಗೆ ಅಲ್ಲಿಗೇ ನಿಲ್ಲಬೇಕು.

ಯಾವ ಹಂತದಲ್ಲಿ ನಡಿಗೆ ನಿಲ್ಲಿಸಿ ಬಸ್ ಹತ್ತಬೇಕು ಎಂಬುದನ್ನು ಮನೆಯಲ್ಲಿ, ಶಾಂತಚಿತ್ತದಿಂದ, ಎಲ್ಲರೂ ಕುಳಿತು ಮೊದಲೇ ನಿರ್ಧರಿಸಿರಬೇಕು. ದಾರಿಯಲ್ಲಿ ಹಟ, ಸಂಕೋಚ, ಹರಕೆ ಮುರಿದೀತೆಂಬ ಭಯ ಇವೆಲ್ಲ ಸೇರಿ ವಿವೇಚನೆಯನ್ನು ಮಸುಕಾಗಿಸುತ್ತವೆ. ಯುಗಾದಿಗೆ ಶ್ರೀಶೈಲಕ್ಕೆ, ಆಷಾಢ ಏಕಾದಶಿಗೆ ಪಂಢರಪುರಕ್ಕೆ ನಡೆಯುವವರಿಗೂ ಈ ಮಾತು ಸಲ್ಲುತ್ತದೆ. ಹೊರಟವರೆಲ್ಲರೂ ಕ್ಷೇಮವಾಗಿ ಮನೆಗೆ ಮರಳಿದರೆ ಮಾತ್ರ ಯಾತ್ರೆ ಪೂರ್ಣ. ಈ ವರ್ಷ ಉಳಿದ ದಾರಿಯನ್ನು ಮುಂದಿನ ವರ್ಷವೂ ನಡೆಯಬಹುದು.