‘ಹೂವಿನಹಡಗಲಿ’: ಸ್ಥಳನಾಮದ ನಿಷ್ಪತ್ತಿ ಮತ್ತು ಬಳಕೆ

ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೂಲಕ ಹಡಗುಗಳಲ್ಲಿ ಹಂಪೆಗೆ ಹೂವು ಹೋಗುತ್ತಿತ್ತು, ಅದರಿಂದ ಊರು ‘ಹೂವಿನಹಡಗಲಿ’ ಆಯಿತು ಎಂಬ ನಿರುಕ್ತಿ ಆ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಆದರೆ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿಯೇ ಊರಿನ ಹೆಸರು ‘ಪೂವಿನ ಪೊಸವಡಂಗಿಲೆ’. ವಿಜಯನಗರದ ಸ್ಥಾಪನೆ 1336ರದು; ಹೂವು ಅದಕ್ಕಿಂತ ಬಹು ಹಿಂದೆಯೇ ಹೆಸರಿನೊಳಗಿತ್ತು.

ಹಡಗಿನ ಮಾತೂ ನಿಲ್ಲುವುದಿಲ್ಲ. ‘ಪೊಸವಡಂಗಿಲೆ’ಯನ್ನು ನಾವು ಪೊಸ + ಪಡಂಗಿಲೆ ಎಂದು ಬಿಡಿಸುತ್ತೇವೆ, ಉತ್ತರಪದದ ಪಕಾರಕ್ಕೆ ವಕಾರ ಬಂದಿರುವುದು ಆದೇಶಸಂಧಿ. ‘ಪೊಸ’ ಕಳಚಿ, ಪದಾದಿಯ ಪಕಾರ ಹಕಾರವಾಗಿ (ಪೂವು > ಹೂವು ಇದ್ದಂತೆಯೇ), ಅನುನಾಸಿಕ ಲೋಪವಾದರೆ ‘ಹಡಗಿಲೆ’ ದೊರೆಯುತ್ತದೆ. ಕೊನೆಯ ‘-ಇಲೆ’ ‘-ಅಲಿ’ ಆದದ್ದು ಮಾತ್ರ ಸರಳ ನಿಯಮಕ್ಕೆ ಒಗ್ಗದು. ಬಹುಶಃ ‘ಹಡಗು’ ಎಂಬ ಪರಿಚಿತ ಪದದ ಸೆಳೆತ ಇಲ್ಲಿ ಕೆಲಸ ಮಾಡಿದೆ. ಹಾಗಿದ್ದರೆ ಜನನಿರುಕ್ತಿಯು ಹೆಸರಿನ ಮೂಲವಲ್ಲ, ಹೆಸರನ್ನು ತಿದ್ದಿದ ಶಕ್ತಿ.

ಬ್ರಿಟಿಷರ ಆಡಳಿತ ಇನ್ನೊಂದು ತಿದ್ದುಪಡಿ ಮಾಡಿತು. ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ಇಂಗ್ಲಿಷ್ ದಾಖಲೆಗಳಲ್ಲಿ ತಾಲ್ಲೂಕಿನ ಹೆಸರು ‘ಹೂವಿನ’ ಇಲ್ಲದೆ, ಲಕಾರದ ದ್ವಿತ್ವದೊಡನೆ ‘ಹಡಗಲ್ಲಿ’ ಎಂದು ಕಾಣುತ್ತದೆ. ನೆರೆಯ ಹರಪನಹಳ್ಳಿಯಂಥ ‘ಹಳ್ಳಿ’ ಅಂತ್ಯದ ಹೆಸರುಗಳ ಸಾದೃಶ್ಯವೇ ಇದಕ್ಕೆ ಕಾರಣವೆಂದು ನಾವು ಊಹಿಸುತ್ತೇವೆ.

ಇಂದಿನ ಬಳಕೆ ಇಬ್ಬಗೆಯದು. ಕಚೇರಿಯ ಫಲಕ ‘ಹೂವಿನಹಡಗಲಿ’ ಎನ್ನುತ್ತದೆ. ಕೂಡ್ಲಿಗಿ, ಕೊಟ್ಟೂರಿನವರ ಮಾತಿನಲ್ಲಿ ಅದು ಬರಿಯ ‘ಹಡಗಲಿ’. ಹಗರಿಬೊಮ್ಮನಹಳ್ಳಿಯ ಗತಿ ಬೇರೆ: ಅಲ್ಲಿ ವಿಶೇಷಣ ಬೀಳಲಿಲ್ಲ, ಬರವಣಿಗೆಯಲ್ಲಿ ‘ಹ.ಬೊ.ಹಳ್ಳಿ’ಯಾಗಿ ಮುದುಡಿಕೊಂಡಿತು.