ಕಿಟೆಲ್ಲರ ವಿಭಕ್ತಿ, ನಮ್ಮ ಹೊಲದ ವಿಭಕ್ತಿ

ನವಲಗುಂದ ತಾಲೂಕಿನ ಹಳ್ಳಿಯ ಶಾಲೆಯಲ್ಲಿ ‘ಅಪ್ಪ ಹೊಲದಾಗ ಅದಾನ’ ಎಂದು ಬರೆದು ನಾನು ಮಾಸ್ತರರಿಂದ ಏಟು ತಿಂದಿದ್ದೆ. ‘ಹೊಲದಲ್ಲಿ’ ಶುದ್ಧ, ‘ಹೊಲದಾಗ’ ಅಶುದ್ಧ ಎಂಬುದು ಅವರ ತೀರ್ಪು. ಮುಂದೆ ವಿಜ್ಞಾನ ಓದಿ ವ್ಯಾಕರಣವನ್ನು ಮರೆತೆ. ಫರ್ಡಿನಾಂಡ್ ಕಿಟೆಲ್ಲರನ್ನು ಕುರಿತು ಕಾರ್ಯಕ್ರಮ ಸಿದ್ಧಪಡಿಸುವಾಗ ಆ ಏಟು ಮತ್ತೆ ನೆನಪಾಯಿತು.

1832ರಲ್ಲಿ ಜರ್ಮನಿಯ ಉತ್ತರ ಕರಾವಳಿಯ ಸೀಮೆಯಲ್ಲಿ ಹುಟ್ಟಿದ ಕಿಟೆಲ್, 1853ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಕನ್ನಡ ನಾಡಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ದುಡಿದರು. ಅವರಿಗೆ ವಿಭಕ್ತಿ ಹೊಸದೇನಲ್ಲ. ಜರ್ಮನ್ ಭಾಷೆಯಲ್ಲಿಯೂ ನಾಲ್ಕು ವಿಭಕ್ತಿಗಳಿವೆ. ಆದರೆ ಅಲ್ಲಿ ನಾಮಪದಕ್ಕಿಂತ ಹೆಚ್ಚಾಗಿ ಅದರ ಮುಂದಿನ ಪುಟ್ಟ ಪದವೇ ರೂಪ ಬದಲಿಸುತ್ತದೆ. ಮರ ‘ಡೇರ್ ಬೌಮ್’, ಮರವನ್ನು ‘ಡೆನ್ ಬೌಮ್’, ಮರಕ್ಕೆ ‘ಡೆಮ್ ಬೌಮ್’, ಮರದ ‘ಡೆಸ್ ಬೌಮೆಸ್’. ಲಿಂಗವೂ ಅರ್ಥವನ್ನು ಅನುಸರಿಸದು: ಮರ ಪುಲ್ಲಿಂಗ, ಹುಡುಗಿ ಎಂಬರ್ಥದ ‘ಮೇಡ್ಶೆನ್’ ನಪುಂಸಕಲಿಂಗ! ಕನ್ನಡದಲ್ಲಾದರೋ ಪ್ರತ್ಯಯವು ಪದದ ಹಿಂದೆ ಸೇರುತ್ತದೆ.

ಈ ವ್ಯವಸ್ಥೆಯ ಮೂಲವನ್ನು ಅರಿಯಲು ಕಿಟೆಲ್ 13ನೆಯ ಶತಮಾನದ ಕೇಶಿರಾಜನ ಮೊರೆಹೊಕ್ಕರು. ಸಂಸ್ಕೃತದ ಮಾದರಿಯಲ್ಲಿ ಏಳು ವಿಭಕ್ತಿಗಳನ್ನು ಹೇಳುವ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. 1894ರಲ್ಲಿ ಅವರ ಪ್ರಸಿದ್ಧ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. ಅವರು ತೀರಿಕೊಂಡ 1903ರಲ್ಲಿಯೇ ಪ್ರಕಟವಾದ ವ್ಯಾಕರಣವು ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ವಿವರಿಸುತ್ತದೆ.

ಹೀಗೆ ಅಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ನನ್ನ ಏಟಿಗೆ ಉತ್ತರ ಸಿಕ್ಕಿತು. ಹಳಗನ್ನಡದಲ್ಲಿ ಸಪ್ತಮಿಯ ಪ್ರತ್ಯಯ ‘ಒಳ್’, ರೂಪ ‘ಪೊಲದೊಳ್’. ಇಂದಿನ ಗ್ರಂಥಭಾಷೆಯು ‘ಅಲ್ಲಿ’ಯನ್ನು ಹಿಡಿಯಿತು. ನಮ್ಮ ‘ಹೊಲದಾಗ’ವಾದರೋ ‘ಹೊಲದೊಳಗೆ’ ಎಂಬುದು ಬಾಯಲ್ಲಿ ಸವೆದು ಆದ ರೂಪ. ಅಂದರೆ ಹಳೆಯ ‘ಒಳ್’ಗೆ ಹತ್ತಿರದ ನಂಟು ನಮ್ಮ ಎರಿ ಹೊಲದ ಮಾತಿಗೇ ಇದೆ!

ಕಿಟೆಲ್ಲರ ಹುಟ್ಟುಸೀಮೆಯಲ್ಲಿಯೂ ಇದೇ ಕಥೆ. ಅಲ್ಲಿನ ಹಳ್ಳಿಗರ ‘ಲೋ ಜರ್ಮನ್’ ನುಡಿಯಲ್ಲಿ ದ್ವಿತೀಯಾ, ಚತುರ್ಥೀ ವಿಭಕ್ತಿಗಳು ಬೆರೆತು ಒಂದಾಗಿವೆ. ಅದು ತಪ್ಪು ಜರ್ಮನ್ ಅಲ್ಲ, ತನ್ನದೇ ನಿಯಮವುಳ್ಳ ನುಡಿ.

ನಮ್ಮ ಮಕ್ಕಳು ಪರೀಕ್ಷೆಯಲ್ಲಿ ‘ಹೊಲದಲ್ಲಿ’ ಎಂದೇ ಬರೆಯಲಿ, ಅದನ್ನು ಕಲಿಯಲೇಬೇಕು. ಆದರೆ ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಮಗು ‘ಹೊಲದಾಗ’ ಎಂದರೆ ಅದಕ್ಕೆ ವ್ಯಾಕರಣ ಗೊತ್ತಿಲ್ಲವೆನ್ನಬೇಡಿ. ಅದು ಅವ್ವನಿಂದ ಕಲಿತದ್ದೂ ಒಂದು ವ್ಯಾಕರಣವೇ.