ಗೀರಿಗೊಂದು ಬೆಲೆ, ಮಾತಿಗೊಂದು ತೂಕ

‘ವೆರಿ ಗುಡ್’ ಎಂದರೆ ‘ಅಷ್ಟೇನೂ ಚೆನ್ನಾಗಿಲ್ಲ’ ಎಂದು ಅರ್ಥವಾಗುವ ವ್ಯಾಪಾರವೊಂದಿದೆ. ಅದು ಹಳೆಯ ರಾಕ್ ಸಂಗೀತದ ಗ್ರಾಮಫೋನ್ ತಟ್ಟೆಗಳ ವ್ಯಾಪಾರ. ಅಮೆರಿಕ, ಬ್ರಿಟನ್ ದೇಶಗಳಲ್ಲಿ ಏಳು ಅಂಗುಲದ ಹಳೆಯ ‘ಸಿಂಗಲ್’ ತಟ್ಟೆಯನ್ನು ಕೊಳ್ಳಹೊರಟ ಸಂಗ್ರಾಹಕ, ಹಾಡು ಯಾವುದೆಂದು ತಿಳಿದ ಕೂಡಲೇ ಕೇಳುವುದು ‘ದರ್ಜೆ ಎಷ್ಟು?’ ಎಂದು. ‘ವೆರಿ ಗುಡ್’ ಎಂಬ ಉತ್ತರ ಬಂದರೆ ಅವನ ಉತ್ಸಾಹ ಅರ್ಧಕ್ಕಿಳಿಯುತ್ತದೆ. ಹೊಗಳಿಕೆಯ ಮಾತು ಹೀಗೆ ತೂಕ ಕಳೆದುಕೊಂಡದ್ದು ಏಕೆ ಎಂಬುದಕ್ಕೆ ಉತ್ತರ ಆ ತಟ್ಟೆಗಳ ಇತಿಹಾಸದಲ್ಲೇ ಇದೆ.

ಅರಗಿನಿಂದ ವಿನೈಲ್‌ಗೆ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳದೇ ರಾಜ್ಯ. ಅವುಗಳ ಮುಖ್ಯ ಕಚ್ಚಾವಸ್ತು ಅರಗು. ಅದರ ಬಹುಪಾಲು ಹೋಗುತ್ತಿದ್ದುದು ಭಾರತದಿಂದ. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗದಂಥ ಮರಗಳ ಕೊಂಬೆಗಳಿಂದ ಬಿಡಿಸಿದ ಅರಗು ಸಮುದ್ರ ದಾಟಿ ಅಮೆರಿಕದ ಹಾಡಾಗುತ್ತಿತ್ತು. ಎರಡನೆಯ ಮಹಾಯುದ್ಧ ಈ ಸರಬರಾಜಿಗೆ ಅಡ್ಡಬಂದಿತು. 1942ರಲ್ಲಿ ಅಮೆರಿಕ ಸರ್ಕಾರ ತಟ್ಟೆ ತಯಾರಿಕೆಗೆ ಅರಗಿನ ಬಳಕೆಯನ್ನು ಕಟ್ಟುನಿಟ್ಟಾಗಿ ಮಿತಿಗೊಳಿಸಿತು. ಬದಲಿ ವಸ್ತುವಾಗಿ ವಿನೈಲ್ ಪ್ಲಾಸ್ಟಿಕ್ಕಿನ ಬಳಕೆ ಹೆಚ್ಚಿತು. 1948ರಲ್ಲಿ ಕೊಲಂಬಿಯಾ ಕಂಪೆನಿ ದೀರ್ಘಾವಧಿಯ ‘ಎಲ್‌ಪಿ’ ತಟ್ಟೆಯನ್ನು ತಂದರೆ, 1949ರ ಮಾರ್ಚ್‌ನಲ್ಲಿ ಆರ್‌ಸಿಎ ವಿಕ್ಟರ್ ಕಂಪೆನಿ ನಿಮಿಷಕ್ಕೆ 45 ಸುತ್ತಿನ, ಏಳು ಅಂಗುಲದ, ನಡುವೆ ದೊಡ್ಡ ತೂತಿನ ಪುಟ್ಟ ತಟ್ಟೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಪಕ್ಕಕ್ಕೊಂದು ಹಾಡು, ಬೆಲೆ ಅಗ್ಗ.

ಕೆಲವೇ ವರ್ಷಗಳಲ್ಲಿ ಬಂದ ರಾಕ್ ಅಂಡ್ ರೋಲ್ ಈ ತಟ್ಟೆಯನ್ನು ತನ್ನದಾಗಿಸಿಕೊಂಡಿತು. ಎಲ್ವಿಸ್ ಪ್ರೀಸ್ಲಿಯ ಮೊದಲ ಹಾಡನ್ನು ಮೆಂಫಿಸ್ ನಗರದ ಸನ್ ಕಂಪೆನಿ 1954ರ ಜುಲೈನಲ್ಲಿ ಹೊರತಂದಾಗ ಅದು ಹಳೆಯ 78 ಸುತ್ತಿನ ತಟ್ಟೆಯಲ್ಲೂ ಇತ್ತು, ಹೊಸ 45ರಲ್ಲೂ ಇತ್ತು. ಕೊಳ್ಳುವವರು ಹದಿಹರೆಯದವರು. ಅವರಿಗೆ ಇದು ಕಾಪಾಡಿಡುವ ವಸ್ತುವಾಗಿರಲಿಲ್ಲ. ಒಂದರ ಮೇಲೊಂದು ಪೇರಿಸಿ ನುಡಿಸಿದರು. ಗೆಳೆಯರ ಕೂಟಕ್ಕೆ ಒಯ್ದಾಗ ಅದಲುಬದಲಾಗದಿರಲೆಂದು ನಡುವಿನ ಚೀಟಿಯ ಮೇಲೆ ಶಾಯಿಯಿಂದ ಹೆಸರು ಬರೆದರು. ಹೊಸ ಹಾಡು ಬಂದಾಗ ಹಳೆಯದು ಮೂಲೆ ಸೇರಿತು. ಅಂದು ಮೆಚ್ಚಿ ಬಳಸಿದ್ದಕ್ಕೆ ಸಿಕ್ಕ ಗುರುತುಗಳೇ ಇಂದು ದೋಷಗಳು. ಚೀಟಿಯ ಮೇಲಿನ ಒಂದು ಹೆಸರೂ ಬೆಲೆಯನ್ನು ಇಳಿಸುತ್ತದೆ.

ಕಾಣದ ವಸ್ತುವಿಗೆ ಮಾತೇ ಸಾಕ್ಷಿ

ಅಂಗಡಿಯಲ್ಲಿ ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು ಕೊಳ್ಳುವವರೆಗೆ ದರ್ಜೆಯ ಅಗತ್ಯವಿರಲಿಲ್ಲ. ವ್ಯಾಪಾರ ಅಂಚೆಗೆ ಇಳಿದಾಗ ತೊಡಕು ಶುರುವಾಯಿತು. ದೂರದ ಊರಿನ ಮಾರಾಟಗಾರ ಕಳುಹಿಸಿದ ಪಟ್ಟಿಯಲ್ಲಿ ‘ಚೆನ್ನಾಗಿದೆ’ ಎಂದಿದ್ದರೆ ನಂಬುವುದು ಹೇಗೆ? ಮಾರುವವನ ‘ಚೆನ್ನು’ ಕೊಳ್ಳುವವನ ‘ಚೆನ್ನು’ ಅಲ್ಲ. 1974ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಗೋಲ್ಡ್‌ಮೈನ್’ ಪತ್ರಿಕೆ ಇಂಥ ಮಾರಾಟಪಟ್ಟಿಗಳಿಂದ ತುಂಬಿರುತ್ತಿತ್ತು. ಅದರ ಹೆಸರಿನಲ್ಲೇ ಒಂದು ದರ್ಜೆಯ ಕ್ರಮ ನೆಲೆಗೊಂಡಿತು. ಬ್ರಿಟನ್ನಿನಲ್ಲಿ 1980ರಲ್ಲಿ ಬಂದ ‘ರೆಕಾರ್ಡ್ ಕಲೆಕ್ಟರ್’ ಪತ್ರಿಕೆ ತನ್ನದೇ ಕ್ರಮವನ್ನು ಬಳಕೆಗೆ ತಂದಿತು.

ಗೋಲ್ಡ್‌ಮೈನ್ ಕ್ರಮದ ಮೆಟ್ಟಿಲುಗಳು ಹೀಗಿವೆ: ಎಲ್ಲಕ್ಕೂ ಮೇಲೆ ‘ಮಿಂಟ್’, ಅಂದರೆ ಯಾವ ಕುಂದೂ ಇಲ್ಲದ್ದು. ಅದರ ಕೆಳಗೆ ‘ನಿಯರ್ ಮಿಂಟ್’. ಪೂರ್ಣ ನಿರ್ದೋಷವಾದ ತಟ್ಟೆ ಇರಲಾರದು ಎಂದು ನಂಬಿದ ಎಷ್ಟೋ ಮಾರಾಟಗಾರರು ಇದಕ್ಕಿಂತ ಮೇಲಿನ ದರ್ಜೆ ಕೊಡುವುದೇ ಇಲ್ಲ. ಆನಂತರ ‘ವೆರಿ ಗುಡ್ ಪ್ಲಸ್’: ಬಳಸಿದ್ದು ಕಾಣುತ್ತದೆ, ಕೇಳಲು ಅಡ್ಡಿಯಿಲ್ಲ. ‘ವೆರಿ ಗುಡ್’ ಎಂದರೆ ಉಗುರಿಗೆ ತಗಲುವ ಗೀರುಗಳು, ಹಾಡಿನ ಮೆಲುದನಿಯ ಜಾಗಗಳಲ್ಲಿ ಚಿಟಪಟ ಸದ್ದು. ‘ಗುಡ್’ ಎಂದರೆ ಮುಳ್ಳು ಜಿಗಿಯದೆ ಕೊನೆ ಮುಟ್ಟುತ್ತದೆ, ಅಷ್ಟೆ. ತಳದಲ್ಲಿರುವ ‘ಪೂರ್’ ಸೀಳಿದ್ದೋ ಸೊಟ್ಟಗಾದದ್ದೋ ಆಗಿರುತ್ತದೆ. ಬೆಲೆಯ ಲೆಕ್ಕವೂ ಇದಕ್ಕೆ ತಕ್ಕಂತೆ. ‘ನಿಯರ್ ಮಿಂಟ್’ ತಟ್ಟೆಗೆ 100 ಡಾಲರ್ ಆದರೆ ‘ವೆರಿ ಗುಡ್ ಪ್ಲಸ್’ಗೆ ಸುಮಾರು 50, ‘ವೆರಿ ಗುಡ್’ಗೆ 25, ‘ಗುಡ್’ಗೆ 10ರಿಂದ 15. ಮಾರುವವರು ಮಾತನ್ನು ಏರಿಸುತ್ತ ಹೋದಂತೆ ಕೊಳ್ಳುವವರು ಅರ್ಥವನ್ನು ಇಳಿಸುತ್ತ ಹೋಗುವುದು ಎಲ್ಲ ಸಂತೆಗಳ ರೂಢಿ. ಇಲ್ಲಿ ಆ ಇಳಿದ ಅರ್ಥವನ್ನೇ ಬರೆದಿಟ್ಟು ನಿಯಮ ಮಾಡಿದರು.

ಕಣ್ಣು ಮತ್ತು ಕಿವಿ

ಆದರೂ ನಿಯಮ ಎಲ್ಲವನ್ನೂ ಹಿಡಿದಿಡಲಾರದು. ಅಮೆರಿಕದ ಕೆಲವು ಕಂಪೆನಿಗಳು ಸಿಂಗಲ್‌ಗಳನ್ನು ವಿನೈಲ್ ಬದಲು ಸ್ಟೈರೀನ್ ಎಂಬ ಗಡುಸು ಪ್ಲಾಸ್ಟಿಕ್ಕಿನಲ್ಲಿ ಎರಕಹೊಯ್ದವು. ಇದು ಬೇಗ ಸವೆಯುತ್ತದೆ. ಸವೆದ ಮೇಲೂ ಕನ್ನಡಿಯಂತೆ ಹೊಳೆಯಬಹುದು; ಮುಳ್ಳಿಟ್ಟಾಗಲೇ ‘ಬುಸ್’ ಎನ್ನುವ ಸದ್ದು ಹೊರಡುವುದು. ಅದೇ ಗೀರುಬಿದ್ದಂತೆ ಕಾಣುವ ವಿನೈಲ್ ತಟ್ಟೆಯೊಂದು ಸೊಗಸಾಗಿ ಹಾಡಿದರೂ ಹಾಡೀತು. ಆದ್ದರಿಂದಲೇ ಒಳ್ಳೆಯ ಮಾರಾಟಗಾರರು ಕಣ್ಣಿನಿಂದ ಕೊಟ್ಟ ದರ್ಜೆಯೋ, ಕೇಳಿ ಕೊಟ್ಟ ದರ್ಜೆಯೋ ಎಂಬುದನ್ನು ಬಿಡಿಸಿ ಹೇಳುತ್ತಾರೆ.

ಹೊದಿಕೆಗೆ ಬೇರೆಯೇ ದರ್ಜೆ. ಒಮ್ಮೊಮ್ಮೆ ಒಳಗಿನ ತಟ್ಟೆಗಿಂತ ಹೊರಗಿನ ಕಾಗದವೇ ದುಬಾರಿ. 1968ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಟ್ರೀಟ್ ಫೈಟಿಂಗ್ ಮ್ಯಾನ್’ ಅಮೆರಿಕದಲ್ಲಿ ಹೊರಬಂದಾಗ ಹೊದಿಕೆಯ ಮೇಲೆ ಪೊಲೀಸರ ಹಲ್ಲೆಯ ಚಿತ್ರವಿತ್ತು. ಕಂಪೆನಿ ಅದನ್ನು ಹಿಂತೆಗೆದುಕೊಂಡಿತು. ಉಳಿದುಹೋದ ಕೆಲವೇ ಹೊದಿಕೆಗಳಿಗೆ ಇಂದು ಭಾರಿ ಬೇಡಿಕೆ.

ಇನ್ನು ತಟ್ಟೆ ಮೊದಲ ಮುದ್ರಣದ್ದೇ ಎಂದು ತಿಳಿಯುವುದು ಹೇಗೆ? ಹಾಡಿನ ಗೆರೆಗಳು ಮುಗಿದ ಮೇಲೆ ಚೀಟಿಯ ಸುತ್ತ ಉಳಿಯುವ ನುಣುಪು ಜಾಗದಲ್ಲಿ ಸಣ್ಣ ಅಕ್ಷರ, ಅಂಕಿಗಳಿರುತ್ತವೆ. ನಾಯಿಯ ಗುರುತಿನಿಂದ ನಮ್ಮಲ್ಲೂ ಮನೆಮಾತಾಗಿದ್ದ ಎಚ್‌ಎಂವಿಯ ಒಡೆತನದ ಇಎಂಐ ಕಂಪೆನಿ, ಬ್ರಿಟನ್ನಿನಲ್ಲಿ ತನ್ನ ಅಚ್ಚುಗಳ ಸಂಖ್ಯೆಯನ್ನು ಗುಪ್ತಲಿಪಿಯಲ್ಲಿ ಕೊರೆಯುತ್ತಿತ್ತು. ‘ಗ್ರಾಮಫೋನ್ ಲಿಮಿಟೆಡ್’ ಎಂಬ ಇಂಗ್ಲಿಷ್ ಹೆಸರಿನಿಂದ ಹೆಕ್ಕಿದ ಹತ್ತು ಅಕ್ಷರಗಳು ಒಂದರಿಂದ ಸೊನ್ನೆಯವರೆಗಿನ ಅಂಕಿಗಳಾಗಿದ್ದವು: ಜಿ ಎಂದರೆ 1, ಆರ್ ಎಂದರೆ 2, ಕೊನೆಯ ಡಿ ಎಂದರೆ 0. ಕಾರ್ಖಾನೆಯ ಒಳಲೆಕ್ಕಕ್ಕೆಂದು ಇದ್ದ ಈ ಗುರುತು ಸಂಗ್ರಾಹಕರಿಗೆ ತಟ್ಟೆಯ ಜಾತಕವಾಗಿದೆ.

ಅಪರೂಪದ ಬೆಲೆ

ಅಪರೂಪದ ಮುಂದೆ ಮಾತ್ರ ದರ್ಜೆ ತಲೆಬಾಗುತ್ತದೆ. 1962ರ ಅಕ್ಟೋಬರ್‌ನಲ್ಲಿ ಬಂದ ಬೀಟಲ್ಸ್ ತಂಡದ ‘ಲವ್ ಮಿ ಡೂ’ ಹಾಡಿನ ಪ್ರಚಾರಕ್ಕೆಂದು 250 ತಟ್ಟೆಗಳನ್ನು ಮಾಡಿದ್ದರು. ಅವುಗಳ ಮೇಲೆ ಮೆಕಾರ್ಟ್ನಿಯ ಹೆಸರಿನ ಕಾಗುಣಿತವೇ ತಪ್ಪಾಗಿತ್ತು. ಅಂಥದೊಂದು 2017ರಲ್ಲಿ 14,757 ಡಾಲರ್‌ಗೆ ಮಾರಾಟವಾಯಿತು. 1977ರ ಮಾರ್ಚ್‌ನಲ್ಲಿ ಎ ಅಂಡ್ ಎಂ ಕಂಪೆನಿ ಸೆಕ್ಸ್ ಪಿಸ್ಟಲ್ಸ್ ತಂಡದೊಡನೆ ಒಪ್ಪಂದ ಮಾಡಿಕೊಂಡು ಒಂದೇ ವಾರದಲ್ಲಿ ಮುರಿದುಕೊಂಡಿತು; ಆ ಹೊತ್ತಿಗೆ ಅಚ್ಚಾಗಿದ್ದ ‘ಗಾಡ್ ಸೇವ್ ದಿ ಕ್ವೀನ್’ ತಟ್ಟೆಗಳನ್ನು ನಾಶಮಾಡಿಸಿತು. ತಪ್ಪಿಸಿಕೊಂಡ ಬೆರಳೆಣಿಕೆಯ ಪ್ರತಿಗಳು ಸಾವಿರಾರು ಪೌಂಡ್ ಬಾಳುತ್ತವೆ.

ಎಲ್ಲಕ್ಕಿಂತ ಬೆಲೆಬಾಳುವಂಥದೆಂದು ಹೆಸರಾದ ತಟ್ಟೆಗೆ ದರ್ಜೆಯನ್ನೇ ಯಾರೂ ಕೇಳುವುದಿಲ್ಲ. 1958ರಲ್ಲಿ ಲಿವರ್‌ಪೂಲ್‌ನ ಒಂದು ಮನೆಯಲ್ಲಿದ್ದ ಪುಟ್ಟ ಸ್ಟುಡಿಯೋದಲ್ಲಿ ‘ಕ್ವಾರಿಮೆನ್’ ಎಂಬ ತಂಡದ ಹುಡುಗರು ಹಣ ಕೂಡಿಸಿ ಎರಡು ಹಾಡು ಮುದ್ರಿಸಿದರು. ಕೈಗೆ ಬಂದದ್ದು ಒಂದೇ ತಟ್ಟೆ. ಅದು ಹುಡುಗರ ನಡುವೆ ಕೈಯಿಂದ ಕೈಗೆ ಸಾಗಿ ಕೊನೆಗೆ ಪಿಯಾನೋ ನುಡಿಸುತ್ತಿದ್ದ ಜಾನ್ ಡಫ್ ಲೋ ಬಳಿ ಎರಡು ದಶಕ ಉಳಿಯಿತು. 1981ರಲ್ಲಿ ಅದನ್ನು ಅವರಿಂದ ಕೊಂಡವರು ಅದೇ ತಂಡದಲ್ಲಿದ್ದ ಪಾಲ್ ಮೆಕಾರ್ಟ್ನಿ. ಉಳಿದ ಹುಡುಗರಲ್ಲಿ ಜಾನ್ ಲೆನನ್, ಜಾರ್ಜ್ ಹ್ಯಾರಿಸನ್ ಇದ್ದರು.

2000ದಲ್ಲಿ ಆರಂಭವಾದ ಡಿಸ್ಕಾಗ್ಸ್ ಎಂಬ ಅಂತರಜಾಲ ಪೇಟೆಯಲ್ಲೂ ನಡೆಯುವುದು ಗೋಲ್ಡ್‌ಮೈನ್ ಪದಗಳೇ. ಅಂಚೆ ಹೋಗಿ ಗಣಕ ಬಂದರೂ ಕೊಳ್ಳುವವನ ಕೈಯಲ್ಲಿ ತಟ್ಟೆಯಿಲ್ಲ. ಮಾರುವವನ ಮಾತೇ ಇದೆ. ದರ್ಜೆ ಎಂದರೆ ಗೀರುಗಳ ಲೆಕ್ಕದ ಜೊತೆಗೆ ಎಂದೂ ಭೇಟಿಯಾಗದ ಇಬ್ಬರ ನಡುವಿನ ನಂಬಿಕೆಯ ಲೆಕ್ಕವೂ ಹೌದು. ಈ ಲೆಕ್ಕ ಅಳೆಯಲಾರದ್ದೂ ಒಂದಿದೆ. ಯಾರೂ ನುಡಿಸದೆ ಇಟ್ಟ ತಟ್ಟೆಗೆ ಪೂರ್ಣ ಬೆಲೆ ಸಿಗುತ್ತದೆ. ಸವೆಯುವಷ್ಟು ಸಲ ಯಾರನ್ನೋ ಕುಣಿಸಿದ ತಟ್ಟೆಗೆ ಸಿಗುವುದು ಬರಿಯ ‘ಗುಡ್’.